ವರ್ಕ್‌ಶಾಪ್ ತುಂಬಾ ಅರ್ಧಕ್ಕೆ ನಿಂತ ಕೆಲಸಗಳಿವೆ. ಹೊಸದನ್ನು ಹಿಡಿಯುವ ಮೊದಲು ಹಳೆಯದನ್ನೆಲ್ಲ ಮುಗಿಸಲೇಬೇಕಾ?

ನಿಮ್ಮ ಪಟ್ಟಿ ಓದಿದೆ. ಏರ್ ರೈಫಲ್‌ಗೆ ಮರದ ಸ್ಟಾಕ್ (ರೈಫಲ್ ಕೂರುವ ಹಿಡಿ), ಚಿಕ್ಕ ಉಗಿ ಎಂಜಿನ್, ಹಳೇ ಡ್ರಿಲ್ಲಿಂಗ್ ಮಷೀನ್, ಬೆಂಚ್ ವೈಸ್, ಒಂದು ಗೋಡೆ ಗಡಿಯಾರ. ಎಲ್ಲವೂ ಅರ್ಧ. ಗಡಿಯಾರ ತೆಗೆದು ಡೀಸೆಲ್ ಪಂಪ್ ಇಟ್ಟರೆ ಇದು ನನ್ನ ಶೆಡ್ಡಿನದೇ ಪಟ್ಟಿ.

ನನ್ನ ಶೆಡ್ ಹಳೇ ಹುಬ್ಬಳ್ಳಿಯಲ್ಲಿ, ಮನೆ ಹಿಂದೆ. ಅಲ್ಲಿರೋದು ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್, ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ. ಆ ಕಂಪನಿ ಶುರುವಾದದ್ದು 1941ರಲ್ಲಿ. ಅದರ ಲೇತ್‌ಗಳು ನಮ್ಮ ಕಡೆ ಇವತ್ತಿಗೂ ಓಡುತ್ತಿವೆ. ನನ್ನದು ಗೋಕುಲ ರೋಡಿನ ಮುಚ್ಚಿಹೋದ ಒಂದು ವರ್ಕ್‌ಶಾಪ್‌ನಿಂದ ಬಂದದ್ದು. ಕೆಲಸ ಕಲಿಸಿದವರು ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿ ರಿಟೈರ್ ಆದ ಒಬ್ಬ ಹಿರಿಯರು. 1885ರಲ್ಲಿ ಸದರ್ನ್ ಮರಾಠಾ ರೈಲ್ವೆ ಶುರು ಮಾಡಿದ ವರ್ಕ್‌ಶಾಪ್ ಅದು. ಹುಬ್ಬಳ್ಳಿಯ ಓಣಿ ಓಣಿಯಲ್ಲಿ ಕಬ್ಬಿಣದ ಕೆಲಸ ಬಲ್ಲವರು ಸಿಗುತ್ತಾರಲ್ಲ, ಅದಕ್ಕೆ ಆ ವರ್ಕ್‌ಶಾಪೇ ದೊಡ್ಡ ಕಾರಣ ಅಂತ ನಾನು ನಂಬಿದ್ದೇನೆ.

ನಾನು ಮಾಡಲು ಹೊರಟಿದ್ದು ಒಂದೇ ಸಿಲಿಂಡರಿನ, ನೆಟ್ಟಗೆ ನಿಲ್ಲುವ ಉಗಿ ಎಂಜಿನ್. ಬೋರ್, ಅಂದರೆ ಸಿಲಿಂಡರಿನ ಒಳಗಿನ ತೂತಿನ ಅಗಲ, 25 ಮಿಲಿಮೀಟರ್. ಎರಕಕ್ಕೆ ಬೇಕಾದ ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಒತ್ತುವ ಮಾದರಿ) ಸಾಗುವಾನಿಯಲ್ಲಿ ನಾನೇ ಕೆತ್ತಿದ್ದೆ. ಸಿಲಿಂಡರ್ ಗನ್ ಮೆಟಲ್‌ದು. ನೂರಕ್ಕೆ 88 ಪಾಲು ತಾಮ್ರ, 10 ಪಾಲು ತವರ, 2 ಪಾಲು ಸತು. ಒಂದು ಕಾಲದಲ್ಲಿ ತೋಪು ಎರೆಯುತ್ತಿದ್ದ ಲೋಹ. ಉಗಿ, ನೀರು ತಾಗಿದರೂ ಕಬ್ಬಿಣದ ಹಾಗೆ ತುಕ್ಕು ಹಿಡಿಯಲ್ಲ, ಟೂಲ್ ಕೆಳಗೆ ಚೆನ್ನಾಗಿ ಕತ್ತರಿಸುತ್ತದೆ. ಚಿಕ್ಕ ಎಂಜಿನ್‌ಗೆ ಇದಕ್ಕಿಂತ ಒಳ್ಳೆಯದು ಬೇಡ.

ಈಗ ಬರೆಯೋದನ್ನು ಸ್ವಲ್ಪ ನಿಧಾನವಾಗಿ ಓದಿ. ನಿಮ್ಮ ಉಗಿ ಎಂಜಿನ್ ಸಹ ಇದೇ ಜಾಗದಲ್ಲಿ ನಿಂತಿದೆ.

ಎರಕದ ತುಂಡಿಗೆ ನಂಬುವಂಥ ಮೈ ಒಂದೂ ಇರಲ್ಲ. ಹೊರಗಡೆ ಮರಳಿನ ಒರಟು. ಒಳಗಿನ ತೂತು, ಅದಕ್ಕಾಗಿ ಅಚ್ಚಿನಲ್ಲಿಟ್ಟ ಮರಳಿನ ಕೋರ್ ಎರೆಯುವಾಗ ಎತ್ತ ಜರುಗಿತ್ತೋ ಅತ್ತ. ಹಾಗಾಗಿ ಸೆಂಟರ್ ಎಲ್ಲಿರಬೇಕು ಅಂತ ನಾವೇ ತೀರ್ಮಾನ ಮಾಡಬೇಕು. ನಾನು ತೂತಿಗೆ ಮರದ ಬಿರಡೆ ಬಡಿದೆ. ಉಗಿ ಒಳಗೆ ಬರುವ ಪೋರ್ಟ್‌ಗಳ ಚಪ್ಪಟೆ ಮೈ ಇದೆಯಲ್ಲ, ಅಲ್ಲಿಂದ ಅಳತೆ ಹಿಡಿದೆ. ಆ ಕಡೆ ಗೋಡೆ ಸಾಕಷ್ಟು ದಪ್ಪ ಉಳಿಯುವ ಹಾಗೆ ಬಿರಡೆ ಮೇಲೆ ಸೆಂಟರ್ ಚುಚ್ಚಿ, ವೃತ್ತ ಗೀರಿದೆ. ಆಮೇಲೆ ಫೋರ್ ಜಾ ಚಕ್‌ನಲ್ಲಿ (ತುಂಡನ್ನು ಹಿಡಿಯುವ ಲೇತ್‌ನ ಭಾಗ, ನಾಲ್ಕು ದವಡೆಗಳೂ ಬೇರೆ ಬೇರೆಯಾಗಿ ಸರಿಯುತ್ತವೆ) ಹಿಡಿದು, ಆ ಗೆರೆ ಅಲುಗದೆ ತಿರುಗುವ ತನಕ ಹೊಂದಿಸಿದೆ. ಈ ಕಡೆ ಜಾ ಸಡಿಲ ಮಾಡು, ಎದುರಿನದನ್ನು ಬಿಗಿ ಮಾಡು, ಚಕ್ ತಿರುಗಿಸಿ ನೋಡು, ಮತ್ತೆ ಮಾಡು. ಇಡೀ ಸಂಜೆ ಅದಕ್ಕೇ ಹೋಯಿತು. ಹೊಂದಿದ ಮೇಲೆ ಬಿರಡೆ ತೆಗೆದು, ಬೋರಿಂಗ್ ಬಾರ್ (ತೂತಿನ ಒಳಗೆ ಕಡೆಯುವ ಟೂಲ್) ಹಾಕಿ 24.5ಕ್ಕೆ ತಂದು ನಿಲ್ಲಿಸಿದೆ. ಅರ್ಧ ಮಿಲಿಮೀಟರ್ ಫಿನಿಶ್‌ಗೆ ಉಳಿಸಿದ್ದೆ.

ಆಗ ಕುಂದಗೋಳ ಕಡೆಯ ಗೆಳೆಯನೊಬ್ಬ ಬಂದ. ಹತ್ತಿಗೆ ಔಷಧ ಹೊಡೆಯುವ ದಿನಗಳು, ಅವನ ಸ್ಪ್ರೇಯರ್ ಪಂಪಿನ ಬುಷ್ ಸವೆದಿತ್ತು. ರೈತನ ಕೆಲಸ, ತಡ ಮಾಡೋಕಾಗಲ್ಲ. ಸಿಲಿಂಡರ್ ಕಳಚಿ ಬೆಂಚ್ ಮೇಲಿಟ್ಟೆ. ಫೋರ್ ಜಾ ಇಳಿಸಿ ತ್ರೀ ಜಾ (ಮೂರೂ ದವಡೆ ಒಟ್ಟಿಗೆ ಸರಿಯುವ ಚಕ್) ಹಾಕಿ ಬುಷ್ ಮಾಡಿಕೊಟ್ಟೆ. ಆ ಕೆಲಸ ಮಾಡಿದ್ದು ತಪ್ಪಲ್ಲ. ಕೆಟ್ಟದ್ದು ಆಮೇಲೆ.

ಬುಷ್ ಆದ ಮೇಲೆ ಸ್ಟಾಕ್‌ಗೆ ಮರ ಸಿಕ್ಕಿತು. ಆಮೇಲೆ ಪಂಪ್ ಬಂತು. ನಡುವೆ ಬಿಡುವಾದಾಗ ಪಿಸ್ಟನ್ ಕಡೆದಿಟ್ಟೆ, 25ರ ಬೋರಿಗೆ ಸರಿಯಾಗಿ. ಸಿಲಿಂಡರ್‌ಗೆ ಮತ್ತೆ ಕೈ ಹಾಕುವ ಹೊತ್ತಿಗೆ ತಿಂಗಳುಗಳು ಕಳೆದಿದ್ದವು. ಮರದ ಬಿರಡೆ ಇಲ್ಲ, ಗೀರಿದ ಗೆರೆ ಇಲ್ಲ. ಗೆರೆ ಹಾಕಿ ಹೊಂದಿಸಿದ್ದು ನನಗೆ ನೆನಪೂ ಇಲ್ಲ. ಹೊರಗಿನ ಗುಂಡು ಫ್ಲ್ಯಾಂಜ್ (ತುದಿಯ ಅಗಲ ಅಂಚು) ನೋಡಲು ಚೆನ್ನಾಗಿತ್ತು. ಹಿಂದೆ ಇದನ್ನೇ ನೋಡಿ ಹೊಂದಿಸಿರಬೇಕು ಅಂದುಕೊಂಡೆ. ಅದರ ಮೇಲೆ ಡಯಲ್ ಗೇಜ್ ಇಟ್ಟೆ, ತಿರುಗುವ ಮೈ ಎಷ್ಟು ಅಲುಗುತ್ತದೆ ಅಂತ ಮುಳ್ಳಿನಲ್ಲಿ ತೋರಿಸುವ ಸಾಧನ. ಮುಳ್ಳು ಅಲುಗದ ಹಾಗೆ ಮಾಡಿ, ಸಮಾಧಾನದಿಂದ ಲೇತ್ ಚಾಲೂ ಮಾಡಿದೆ.

ಮೊದಲ ಕಟ್‌ನಲ್ಲೇ ಸದ್ದು ಬೇರೆ ಇತ್ತು. ಒಂದೇ ಸಮ ಬರಬೇಕಾದ ಸದ್ದು ತುಂಡು ತುಂಡಾಗಿ ಬರುತ್ತಿತ್ತು. ಟೂಲ್ ಒಂದು ಕಡೆ ಕತ್ತರಿಸುತ್ತಿದೆ, ಎದುರು ಕಡೆ ಗಾಳಿಯಲ್ಲಿದೆ. 25 ತಲುಪಿದಾಗ ಬ್ಯಾಟರಿ ಹಿಡಿದು ಒಳಗೆ ನೋಡಿದೆ. ಒಂದು ಮಗ್ಗುಲು ಹೊಳೆಯುತ್ತಿದೆ, ಇನ್ನೊಂದರಲ್ಲಿ ಹಳೇ ಒರಟು ಗೆರೆಗಳು ಹಾಗೇ ಇವೆ. ಅಲ್ಲಿ ನಿಲ್ಲಿಸಬೇಕಿತ್ತು. ನಿಲ್ಲಿಸಿದ್ದರೆ ಇನ್ನೂ ದಾರಿ ಇತ್ತು. ಆ ಗೆರೆ ಹೋಗಲಿ ಅಂತ ಇನ್ನೊಂದು ಕಟ್, ಮತ್ತೊಂದು ಕಟ್ ಕೊಡುತ್ತಾ ಹೋದೆ. ಒಳಗೆ ಪೂರ್ತಿ ನಯವಾಗುವಾಗ ಬೋರ್ 25.9 ಆಗಿತ್ತು.

ಪಿಸ್ಟನ್ ಹಾಕಿ ನೋಡಿದರೆ ಗಡಗಡ. ಅದನ್ನು ಇನ್ನೊಂದು ಮಾಡಬಹುದು. ನಿಜವಾದ ಪೆಟ್ಟು ಪೋರ್ಟ್ ಕಡೆ ಬಿತ್ತು. ಸೆಂಟರ್ ಆ ಕಡೆಗೇ ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಸರಿದಿತ್ತು, ಮೇಲೆ ಬೋರ್ ಬೇರೆ ದೊಡ್ಡದಾಗಿತ್ತು. ಒಂದೂವರೆ ಮಿಲಿಮೀಟರ್ ಇರಬೇಕಿದ್ದ ಗೋಡೆ ಅರ್ಧದಷ್ಟೂ ಉಳಿದಿರಲಿಲ್ಲ. ಉಗಿ ದಾರಿಗೆ ಉದ್ದನೆಯ ಸಣ್ಣ ಬಿಟ್ ಇಳಿಸುವಾಗ ಅದು ಕೂದಲೆಳೆಯಷ್ಟು ವಾಲಿತು. ಗೋಡೆ ಒಡೆದು ಬೋರಿನೊಳಗೆ ಬಂತು. ಸಿಲಿಂಡರ್ ಗುಜರಿಗೆ. ಮತ್ತೆ ಎರಕ, ಮತ್ತೆ ಖರ್ಚು.

ಫಿಟ್ಟರ್ ಕಾಕಾ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಬೋರ್‌ದಾಗ ಗೇಜ್ ಹಚ್ಚಿದ್ರ ಹಳೇ ಸೆಂಟರ್ ಅಲ್ಲೇ ಇತ್ತಲ್ಲೋ ತಮ್ಮಾ" ಅಂದರು. ಎಷ್ಟು ಸರಿ! ಗೆರೆ ಅಳಿಸಿಹೋಗಿದ್ದರೂ ಆ ಗೆರೆಯನ್ನು ನಂಬಿ ಕಡೆದ 24.5ರ ಬೋರ್ ನನ್ನ ಕಣ್ಣ ಮುಂದೆಯೇ ಇತ್ತು. ಗೇಜಿನ ಮೊನೆಯನ್ನು ಬೋರಿನ ಬಾಯಿಯಲ್ಲಿ ಒಮ್ಮೆ, ಆಳದಲ್ಲಿ ಒಮ್ಮೆ ತಾಗಿಸಿ ಹೊಂದಿಸಿದ್ದರೆ ಹಳೇ ಸೆಂಟರ್ ಬಹುಮಟ್ಟಿಗೆ ವಾಪಸ್ ಸಿಗುತ್ತಿತ್ತು. ಯಾವ ಮೈಯನ್ನು ನಂಬಬೇಕು ಅನ್ನೋ ಒಂದೇ ಒಂದು ಮಾತು ಎಲ್ಲೂ ಬರೆದಿರಲಿಲ್ಲ. ಅಷ್ಟಕ್ಕೆ ಇಷ್ಟೆಲ್ಲ ಆಯಿತು.

ಹಾಗಾದರೆ ನಿಮ್ಮ ಪ್ರಶ್ನೆ? "ಹೊಸದು ಹಿಡಿಯುವ ಮೊದಲು ಹಳೆಯದು ಮುಗಿಸು" ಅನ್ನೋ ಮಾತನ್ನು ನಾನು ಒಪ್ಪಲ್ಲ. ದುಡ್ಡು ತಗೊಂಡು ಕೆಲಸ ಮಾಡುವವರಿಗೆ ಅದು ಸರಿ. ಹವ್ಯಾಸಕ್ಕೆ ಅದನ್ನು ಹಚ್ಚಬೇಡಿ. ಇಲ್ಲಿ ಕಾಯೋದು ಕೆಲಸದೊಳಗೇ ಇದೆ. ಎರಕ ಬರಬೇಕು. ಮರಕ್ಕೆ ಹಾಕಿದ ಎಣ್ಣೆ ಒಣಗಬೇಕು. ಬೇರಿಂಗ್ ಕೊಳ್ಳೋಕೆ ಸಂಬಳ ಬರಬೇಕು. ಒಂದು ನಿಂತಾಗ ಇನ್ನೊಂದಕ್ಕೆ ಕೈ ಹಾಕೋದರಲ್ಲಿ ಯಾವ ದೋಷವೂ ಇಲ್ಲ. ನನ್ನ ಡ್ರಿಲ್ಲಿಂಗ್ ಮಷೀನ್ ಮುಗಿದದ್ದೇ ಎಂಜಿನ್‌ಗೆ ನೆಟ್ಟಗೆ ತೂತು ಬೇಕಾಗಿತ್ತು ಅಂತ. ಐದು ಕೆಲಸ ಅರ್ಧಕ್ಕೆ ನಿಂತರೆ ನಿಲ್ಲಲಿ. ಎಲ್ಲಿ ನಿಂತವು, ಹೇಗೆ ನಿಂತವು ಅನ್ನೋದನ್ನು ನೋಡಿ.

ಕೆಲವು ಕೆಲಸ ಅರ್ಧಕ್ಕೆ ನಿಂತರೂ ಕೆಡಲ್ಲ. ವೈಸ್ ಅಂಥದ್ದು. ಎಣ್ಣೆ ಬಳಿದು, ಕಾಗದ ಸುತ್ತಿ ಇಟ್ಟರೆ ವರ್ಷ ಬಿಟ್ಟು ಬಂದರೂ ಅದೇ ವೈಸ್. ಕೆಲವು ಒಂದು ರಾತ್ರಿಯೂ ಕಾಯಲ್ಲ. ಟೂಲ್ ಸ್ಟೀಲ್ ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡಿದರೆ, ಟೆಂಪರ್ ಮಾಡೋದನ್ನು (ಮತ್ತೆ ಹದವಾಗಿ ಕಾಯಿಸೋದನ್ನು) ನಾಳೆಗೆ ಇಡಬೇಡಿ. ಒಳಗಿನ ಬಿಗಿತಕ್ಕೆ ತಾನಾಗೇ ಸೀಳಬಹುದು. ತಾಮ್ರದ ಬಾಯ್ಲರ್‌ಗೆ ಬೆಳ್ಳಿ ಬೆಸುಗೆ ಹಾಕಿದ ದಿನವೇ, ಬೆಸುಗೆ ಹತ್ತಲು ಹಚ್ಚಿದ ಫ್ಲಕ್ಸ್ ತೊಳೆದುಬಿಡಿ. ಉಳಿದರೆ ಅದು ಲೋಹವನ್ನು ತಿನ್ನುತ್ತದೆ.

ಇನ್ನು ಮರ. ನೀವು ಧಾರವಾಡದಲ್ಲಿದ್ದೀರಿ. ಜುಲೈ ತಿಂಗಳ ಧಾರವಾಡದ ಗಾಳಿಯ ತೇವ ನಿಮಗೆ ನಾನು ಹೇಳಬೇಕಾ? ರೈಫಲ್ ಕೂರುವ ತೋಡನ್ನು ಅರ್ಧ ಕೆತ್ತಿ, ಹಸಿ ಮೈ ತೆರೆದಿಟ್ಟ ಸ್ಟಾಕ್ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನೀವು ಮತ್ತೆ ಬರುವಾಗ ಮೊದಲು ಕೂತಿದ್ದ ರೈಫಲ್ ಕೂರಲ್ಲ. ಆಗ ಬಿಗಿಯಾದ ಕಡೆ ಕೆತ್ತುತ್ತೀರಿ, ಒಣಗಿದ ಮೇಲೆ ಅದೇ ಕಡೆ ಸಡಿಲ. ಹಾಗಾಗಿ ಸ್ಟಾಕ್ ನಿಲ್ಲಿಸೋದಾದರೆ ಎರಡೇ ಜಾಗ. ಒಂದು, ಒರಟಾಗಿ ಕೊಯ್ದು, ಎಲ್ಲಾ ಕಡೆ ದಪ್ಪ ಉಳಿಸಿ, ತುದಿಗಳಿಗೆ ಮೇಣ ಹಚ್ಚಿದಾಗ. ಇನ್ನೊಂದು, ತೋಡು ಪೂರ್ತಿ ಮುಗಿದು ಒಳಗೂ ಹೊರಗೂ ಅಗಸೆ ಎಣ್ಣೆ ಕುಡಿಸಿದ ಮೇಲೆ. ನಡುವೆ ಬೇಡವೇ ಬೇಡ. ನನ್ನದನ್ನು ಹಾಗೆ ಮುಗಿಸಿದೆ, ಈಗಲೂ ನೆಟ್ಟಗಿದೆ.

ಅಮೆರಿಕದ ಹವ್ಯಾಸಿ ಬಂದೂಕು ತಯಾರಕರ ವಿಡಿಯೋ ನೋಡಿ ಹುಮ್ಮಸ್ಸು ಬಂತು ಅಂತ ಬರೆದಿದ್ದೀರಿ. ಅವರ ಬೆಂಚ್ ಮೇಲೂ ಅರ್ಧ ಮುಗಿದ ಸ್ಟಾಕ್‌ಗಳು, ಫೈಲ್ ಹಾಕದ ಲಾಕ್‌ಗಳು (ಗುಂಡು ಸಿಡಿಸುವ ಭಾಗ) ಸಾಲಾಗಿರುತ್ತವೆ. ಕೆಲಸ ನೋಡಿ ಕಲಿಯಿರಿ, ಅವರ ಫೈಲಿಂಗ್ ಬಹಳ ಚೆಂದ. ಆದರೆ ಬಂದೂಕನ್ನು ನಿಮ್ಮ ಪಟ್ಟಿಗೆ ಸೇರಿಸಬೇಡಿ. ನಮ್ಮಲ್ಲಿ 1959ರ ಆರ್ಮ್ಸ್ ಆಕ್ಟ್‌ನ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸುವಂತಿಲ್ಲ. ಹವ್ಯಾಸಕ್ಕೆ ಅಂದರೂ ಇಲ್ಲ. ಮರದ ಕೆಲಸಕ್ಕೆ ನಿಲ್ಲಿಸಿ. ಏರ್ ರೈಫಲ್ಲಿನ ಬ್ಯಾರಲ್, ಸ್ಪ್ರಿಂಗ್ ಮುಟ್ಟಬೇಡಿ. ಕೈ ತುರಿಸಿದರೆ ಉಗಿ ಎಂಜಿನ್ ಇದೆಯಲ್ಲ, ಜೀವಮಾನಕ್ಕೆ ಸಾಕಾಗುವಷ್ಟು ಕೆಲಸ ಅದರಲ್ಲಿದೆ.

ಯಾವ ಆ್ಯಪ್‌ನಲ್ಲಿ ಲೆಕ್ಕ ಇಡಲಿ ಅಂತಲೂ ಕೇಳಿದ್ದೀರಿ. ಆ್ಯಪ್ ಬೇಡ. ನೋಟ್‌ಬುಕ್ಕೂ ಬೇಡ, ಅದು ಮನೆಯಲ್ಲಿ ಉಳಿಯುತ್ತದೆ, ತುಂಡು ಶೆಡ್ಡಿನಲ್ಲಿರುತ್ತದೆ. ಮಾತು ತುಂಡಿಗೇ ನೇತಾಡಬೇಕು. ನಾನು ರಟ್ಟಿನ ಚೀಟಿ ಕತ್ತರಿಸಿ, ತಂತಿ ಹಾಕಿ ತುಂಡಿಗೇ ಕಟ್ಟುತ್ತೇನೆ. ಪೆನ್ಸಿಲ್‌ನಲ್ಲೇ ಬರೆಯಬೇಕು, ಪೆನ್ನಿನ ಶಾಯಿ ಎಣ್ಣೆಗೆ ಹರಡುತ್ತದೆ. ಈಗ ಹೊಸ ಸಿಲಿಂಡರ್‌ಗೆ ಕಟ್ಟಿರುವ ಚೀಟಿ ಹೀಗಿದೆ: "ಬೋರ್ 24.5 ಆಗಿದೆ. ಸೆಂಟರ್ ಬೋರ್ ಒಳಗಿನಿಂದ ಹಿಡಿ. ಹೊರಗಿನ ಮೈ ನಂಬಬೇಡ. ಮುಂದೆ: 25ಕ್ಕೆ ಫಿನಿಶ್, ಅದೇ ಸೆಟಿಂಗ್‌ನಲ್ಲಿ ಮುಂದಿನ ಮುಖ ಫೇಸಿಂಗ್." ಫೇಸಿಂಗ್ ಅಂದರೆ ತುದಿಯ ಮುಖವನ್ನು ಸಮತಟ್ಟಾಗಿ ಕಡೆಯೋದು. ಆ ಕೊನೆಯ ಮಾತು ಯಾಕೆ ಅಂದರೆ, ಬೋರ್ ಮತ್ತು ಮುಖ ಒಂದೇ ಹಿಡಿತದಲ್ಲಿ ಆಗದಿದ್ದರೆ ಎರಡೂ ಒಂದಕ್ಕೊಂದು ಲಂಬವಾಗಿರುವ ಭರವಸೆ ಇಲ್ಲ. ಮುಚ್ಚಳ ಓರೆಯಾಗಿ ಕೂರುತ್ತದೆ, ಪಿಸ್ಟನ್ ರಾಡ್ ಒಂದು ಕೊನೆಯಲ್ಲಿ ಬಿಗಿಯುತ್ತದೆ.

ಲಕ್ಕುಂಡಿ ನಿಮಗೆ ದೂರ ಏನಲ್ಲ. ಕಾಶಿ ವಿಶ್ವೇಶ್ವರ ಗುಡಿಗೆ ಹೋದರೆ ಆ ಬಳಪದ ಕಲ್ಲಿನ ಕಂಬಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ತಿರುಗಿಸಿ ಕಡೆದ ಕಂಬಗಳು ಅವು. ಬಳೆಯ ಮೇಲೆ ಬಳೆ, ಎಲ್ಲವೂ ಒಂದೇ ಸೆಂಟರ್ ಸುತ್ತ. ಲೇತ್ ಕೆಲಸ ಮಾಡುವವರು ಆ ಕಂಬಕ್ಕೆ ಬೆರಳು ತಾಗಿಸಿದರೆ ಬೇಗ ಕೈ ತೆಗೆಯೋಕಾಗಲ್ಲ.

ಪಟ್ಟಿಯಿಂದ ಏನನ್ನಾದರೂ ಬಿಡೋದಾದರೆ ಗಡಿಯಾರ ಬಿಡಿ. ಅದರ ಬಗ್ಗೆ ನೀವು ಅರ್ಧ ಸಾಲು ಬರೆದಿದ್ದೀರಿ, ಎಂಜಿನ್ ಬಗ್ಗೆ ಎರಡು ಪ್ಯಾರಾ. ಹಲ್ಲಿನ ಚಕ್ರ ಕತ್ತರಿಸುವ ಆಸೆ ಇರುವ ಯಾರಿಗಾದರೂ ಕೊಟ್ಟುಬಿಡಿ. ಡ್ರಿಲ್ಲಿಂಗ್ ಮಷೀನ್ ಮೊದಲು ಮುಗಿಸಿ, ಉಳಿದ ಎಲ್ಲದಕ್ಕೂ ಅದು ಬೇಕು. ಸ್ಟಾಕ್‌ಗೆ ಮಳೆ ಹಿಡಿಯುವ ಮುಂಚೆ ಎಣ್ಣೆ ಕುಡಿಸಿ.

ಸಿಲಿಂಡರ್ ಈಗ ಫೋರ್ ಜಾ ಚಕ್‌ನಲ್ಲೇ ಇದೆ, ವೈಸಿನ ಸ್ಕ್ರೂ ಕಡೆಯೋಕೆ ಅದನ್ನು ಕಳಚಬೇಕು ಅಂದಿರಲ್ಲ. ದಯವಿಟ್ಟು ಕಳಚಬೇಡಿ. ಚಕ್ ಸಮೇತ ಇಳಿಸಿ. ಸ್ಪಿಂಡಲ್ ಮೂತಿ (ಲೇತ್‌ನಲ್ಲಿ ಚಕ್ ಕೂರುವ ತುದಿ), ಚಕ್‌ನ ಹಿಂಭಾಗ ಎರಡನ್ನೂ ಒರೆಸಿ, ಒಂದು ಚೂರು ಲೋಹದ ಸಿಪ್ಪೆಯೂ ಇರಬಾರದು. ಚಕ್ಕನ್ನು ಸಿಲಿಂಡರ್ ಜೊತೆ ಬಟ್ಟೆ ಸುತ್ತಿ ಬೆಂಚ್ ಕೆಳಗಿಡಿ. ಸ್ಕ್ರೂಗೆ ಇನ್ನೊಂದು ಚಕ್ ಹಾಕಿ. ಇಲ್ಲದಿದ್ದರೆ ಸೆಕೆಂಡ್ ಹ್ಯಾಂಡ್ ತ್ರೀ ಜಾ ಒಂದನ್ನು ಹುಡುಕಿ. ಎರಕ ಮತ್ತೆ ಮಾಡಿಸುವ ಖರ್ಚು, ಹೋದ ಸಂಜೆಗಳು ಎಲ್ಲ ಸೇರಿಸಿದರೆ ಅದು ದುಬಾರಿ ಅನಿಸಲ್ಲ. ವಾಪಸ್ ಹಾಕಿದಾಗ ಬೋರಿನೊಳಗೆ ಗೇಜ್ ಇಟ್ಟು ನೋಡಿ. ಮುಳ್ಳು ಎಷ್ಟು ಅಲುಗಿತು ಅಂತ ಇಲ್ಲಿ ಬರೆಯಿರಿ, ಮುಂದಿನ ಕಟ್ ಎಷ್ಟು ಕೊಡಬೇಕು ಅಂತ ಸೇರಿ ಲೆಕ್ಕ ಹಾಕೋಣ.