ಎಫ್‌.ಡಿ. ಎಂದು ನಂಬಿಸಿ ಪಾಲಿಸಿ ಮಾಡಿಸಿದ್ದಾರೆ, ಏನು ಮಾಡಲಿ?

ಪ್ರಶ್ನೆ: ನನ್ನ ತಂದೆ ನಿವೃತ್ತ ಶಿಕ್ಷಕರು, ವಯಸ್ಸು 68. ಕಳೆದ ವರ್ಷ ಅವರ ಠೇವಣಿಯ ಅವಧಿ ಮುಗಿದಾಗ ಬ್ಯಾಂಕಿನ ಸಿಬ್ಬಂದಿಯೊಬ್ಬರು ಹೆಚ್ಚು ಬಡ್ಡಿಯ ಎಫ್‌.ಡಿ. ಎಂದು ಹೇಳಿ 2 ಲಕ್ಷ ರೂಪಾಯಿ ತೊಡಗಿಸಿದರು. ಈಗ ವಿಮಾ ಕಂಪನಿಯಿಂದ ಎರಡನೇ ಕಂತು ಕಟ್ಟುವಂತೆ ಪತ್ರ ಬಂದಿದೆ. ಹತ್ತು ವರ್ಷ ಕಟ್ಟಬೇಕಂತೆ. ಹಣ ವಾಪಸ್ ಸಿಗುತ್ತದೆಯೇ?
– ಓದುಗರು, ತಿಪಟೂರು

ಉತ್ತರ: ದಾರಿ ಇದೆ, ಆದರೆ ಸುಲಭದ ದಾರಿಯ ಗಡುವು ಬಹುಶಃ ಮುಗಿದಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮಾವಳಿಯಂತೆ, ಪಾಲಿಸಿ ಪತ್ರ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸಿದರೆ, ಮುದ್ರಾಂಕ ಶುಲ್ಕ, ವೈದ್ಯಕೀಯ ತಪಾಸಣೆಯ ವೆಚ್ಚ ಮತ್ತು ವಿಮಾ ರಕ್ಷಣೆ ಇದ್ದಷ್ಟು ದಿನಗಳ ಮೊತ್ತವನ್ನು ಮಾತ್ರ ಕಳೆದು ಉಳಿದ ಹಣವನ್ನು ಕಂಪನಿ ಕೊಡಬೇಕು. ಇದನ್ನೇ ಫ್ರೀ ಲುಕ್ ಅವಧಿ ಎನ್ನುತ್ತಾರೆ. ಪಾಲಿಸಿ ಪತ್ರ (ಬಾಂಡ್) ಮನೆಗೆ ಬಾರದೆ ನಿಮಗೆ ಸಂಬಂಧವಿಲ್ಲದ ಇಮೇಲ್ ವಿಳಾಸಕ್ಕೆ ಹೋಗಿದ್ದರೆ, ತಲುಪಿಸಿದ್ದಕ್ಕೆ ಪುರಾವೆ ಕೊಡಿ ಎಂದು ಲಿಖಿತವಾಗಿ ಕೇಳಿ.

ಅದಕ್ಕಿಂತ ಮುಖ್ಯವಾದದ್ದು ಪ್ರಪೋಸಲ್ ಫಾರಂ, ಅಂದರೆ ಪಾಲಿಸಿಗಾಗಿ ತುಂಬಿದ ಅರ್ಜಿ. ಅದರ ಪ್ರತಿ ತರಿಸಿಕೊಂಡು ಸಾಲು ಸಾಲಾಗಿ ಓದಿ. ಪಿಂಚಣಿದಾರರ ಉದ್ಯೋಗದ ಎದುರು ‘ವ್ಯಾಪಾರ’ ಎಂದೋ, ವಾರ್ಷಿಕ ಆದಾಯದ ಎದುರು ಪಿಂಚಣಿಯನ್ನು ಎಷ್ಟೋ ಪಟ್ಟು ಮೀರಿದ ಅಂಕಿಯೋ, ಮೊಬೈಲ್ ಸಂಖ್ಯೆಯ ಜಾಗದಲ್ಲಿ ಬೇರೆಯವರ ಸಂಖ್ಯೆಯೋ ಕಂಡರೆ ನಿಮ್ಮ ದೂರಿಗೆ ಅದೇ ಗಟ್ಟಿ ಆಧಾರ. ಲಾಭದ ಅಂದಾಜು ತೋರಿಸುವ ಪುಟದಲ್ಲಿರುವ ಸಹಿ ತಂದೆಯವರದೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಪಾಲಿಸಿ ಕೊಡುವ ಮುನ್ನ ಕಂಪನಿಯವರು ಕರೆ ಮಾಡಿದ್ದರೆ ಅದರ ಧ್ವನಿಮುದ್ರಣವನ್ನೂ ತರಿಸಿಕೊಳ್ಳಿ. ‘ಫೋನ್ ಬಂದರೆ ಎಲ್ಲದಕ್ಕೂ ಹೂಂ ಅನ್ನಿ ಸರ್’ ಎಂದು ಮೊದಲೇ ಹೇಳಿಕೊಟ್ಟಿರುವುದು ಇಂಥ ಪ್ರಕರಣಗಳಲ್ಲಿ ಅಪರೂಪವಲ್ಲ. ಹಾಗಾಗಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ.

ದೂರನ್ನು ಮೊದಲು ವಿಮಾ ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ದೂರಿನ ನಕಲು ಬ್ಯಾಂಕಿಗೂ ಇರಲಿ. ಪತ್ರದಲ್ಲಿ ‘ಸರೆಂಡರ್’ (ಅವಧಿಗೆ ಮುನ್ನವೇ ಪಾಲಿಸಿ ಬಿಟ್ಟುಕೊಡುವುದು) ಎಂಬ ಮಾತು ಬೇಡ, ಏಕೆಂದರೆ ಸರೆಂಡರ್ ಮೌಲ್ಯ ನೀವು ಕಟ್ಟಿದ್ದಕ್ಕಿಂತ ಬಹಳ ಕಡಿಮೆ ಇರಬಹುದು. ತಪ್ಪು ಮಾಹಿತಿ ನೀಡಿ ಮಾರಿದ ಪಾಲಿಸಿಯನ್ನು ರದ್ದುಪಡಿಸಿ ಪೂರ್ಣ ಹಣ ಹಿಂದಿರುಗಿಸಬೇಕೆಂದೇ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ (ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರಿ) ಕಚೇರಿಗೆ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಗ್ರಾಹಕರ ಆಯೋಗಕ್ಕೂ ಹೋಗಬಹುದು, ಅಲ್ಲಿ ಗಡುವು ಎರಡು ವರ್ಷ. ಆದರೆ ಅಲ್ಲಿ ಪ್ರಕರಣ ಹೂಡಿದರೆ ಅದೇ ವಿಷಯವನ್ನು ಒಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ. ನನ್ನ ಸಲಹೆ ಮೊದಲು ಒಂಬುಡ್ಸ್‌ಮನ್.

ಪ್ರಶ್ನೆ: ಪರಿಚಯದ ಏಜೆಂಟರು ಮೊದಲ ಕಂತಿನ ಅರ್ಧ ತಾವೇ ಕಟ್ಟುವುದಾಗಿ ಹೇಳುತ್ತಿದ್ದಾರೆ. ಒಪ್ಪಬಹುದೇ?
– ಓದುಗರು, ಹಾವೇರಿ

ಉತ್ತರ: ಬೇಡ. 1938ರ ವಿಮಾ ಕಾಯ್ದೆಯ 41ನೇ ಕಲಂ ಇಂಥ ರಿಯಾಯಿತಿ ಕೊಡುವುದನ್ನು ಮಾತ್ರವಲ್ಲ, ಪಡೆಯುವುದನ್ನೂ ನಿಷೇಧಿಸುತ್ತದೆ. 2015ರ ತಿದ್ದುಪಡಿ ಇದರ ದಂಡವನ್ನು 10 ಲಕ್ಷ ರೂಪಾಯಿವರೆಗೆ ಏರಿಸಿತು. ಕಂಪನಿ ತನ್ನ ಮಾಹಿತಿ ಪತ್ರದಲ್ಲಿ ಪ್ರಕಟಿಸಿರುವ ರಿಯಾಯಿತಿಗೆ ಮಾತ್ರ ಅಡ್ಡಿಯಿಲ್ಲ.