ಹಡಗು ಹತ್ತೋ ಹಿಂದಿನ ರಾತ್ರಿ ಯಾವ ಹೋಟೆಲ್ ಹಿಡಿಯೋದು?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಐದು ಜನ, ನಾನು, ಹೆಂಡ್ತಿ, ಇಬ್ರು ಮಕ್ಕಳು, ಮಂಡಿ ನೋವಿರೋ ನಮ್ಮಮ್ಮ. ರೋಮ್‌ನಿಂದ ಹೊರಡೋ ಕ್ರೂಸ್ ಬುಕ್ ಮಾಡಿದೀವಿ. ಹಡಗು ಭಾನುವಾರ ಸಂಜೆ 5ಕ್ಕೆ, ನಮ್ಮ ಫ್ಲೈಟ್ ಶನಿವಾರ ರಾತ್ರಿ 8ಕ್ಕೆ ಫ್ಯೂಮಿಚಿನೊ ಏರ್‌ಪೋರ್ಟಲ್ಲಿ ಇಳಿಯುತ್ತೆ. ಏರ್‌ಪೋರ್ಟ್ ಹತ್ರ ಒಂದು, ಊರ ಮಧ್ಯೆ ಒಂದು, ಬಂದರಿನ ಹತ್ರ ಒಂದು ಹೋಟೆಲ್ ನೋಡಿಟ್ಟಿದೀವಿ. ಹೆಂಡ್ತಿಗೆ ಊರ ಮಧ್ಯೆ ಇರೋಕೆ ಆಸೆ. ಯಾವುದು ಸರಿ?

ಉತ್ತರ: ಏರ್‌ಪೋರ್ಟ್ ಹತ್ರದ್ದು ಹಿಡೀರಿ. ಯಾಕೆ ಅಂತ ಹೇಳ್ತೀನಿ.

ಟಿಕೆಟಲ್ಲಿ ರೋಮ್ ಅಂತ ಬರೆದಿದ್ರೂ ಹಡಗು ನಿಲ್ಲೋದು ಚಿವಿತಾವೆಕ್ಕಿಯಾ ಅನ್ನೋ ಬೇರೆ ಊರಲ್ಲಿ, ರೋಮ್‌ನಿಂದ ಸುಮಾರು 70-80 ಕಿ.ಮೀ. ದೂರ. ಕ್ರೂಸ್ ಕಂಪನಿಗಳು ಹೀಗೆ ದೊಡ್ಡ ಊರಿನ ಹೆಸರು ಹಾಕೋದು ಮಾಮೂಲಿ. ಲಂಡನ್ ಅಂದ್ರೆ ಎಷ್ಟೋ ಸಲ ಸೌತಾಂಪ್ಟನ್, ಪ್ಯಾರಿಸ್ ಅಂದ್ರೆ ಸುಮಾರು 200 ಕಿ.ಮೀ. ಆಚೆ ಇರೋ ಲೆ ಆವ್ರ್, ಬರ್ಲಿನ್ ಅಂದ್ರೆ ಬಾಲ್ಟಿಕ್ ತೀರದ ವಾರ್ನೆಮುಂಡೆ. ವೆನಿಸ್ ಅಂತೂ 2021ರ ಆಗಸ್ಟಿಂದ ದೊಡ್ಡ ಹಡಗುಗಳನ್ನ ಊರ ಮುಂದಿನ ಕಾಲುವೆಗೆ ಬಿಡ್ತಿಲ್ಲ, ಹಾಗಾಗಿ ಎಷ್ಟೋ ಹಡಗು ಮಾರ್ಘೆರಾ, ಟ್ರಿಯೆಸ್ಟೆ, ರವೆನ್ನಾ ಕಡೆಯಿಂದ ಹೊರಡ್ತವೆ. ಅದಕ್ಕೇ ಹೋಟೆಲ್ ಹುಡುಕೋಕೆ ಮುಂಚೆ ಹಡಗು ಹತ್ತೋ ಟರ್ಮಿನಲ್‌ನ ಪೂರ್ತಿ ವಿಳಾಸ ಮ್ಯಾಪಲ್ಲಿ ಹಾಕಿ ನೋಡಿ, ಊರಿನ ಹೆಸರು ನಂಬ್ಕೊಂಡು ರೂಮ್ ಹಿಡೀಬೇಡಿ.

ನಾನು ಎಲ್ರಿಗೂ ಹೇಳೋದು ಒಂದೇ, ಆ ರಾತ್ರಿ ಎಷ್ಟು ಚೆನ್ನಾಗಿರುತ್ತೆ ಅಂತ ನೋಡ್ಬೇಡಿ, ಮಾರನೇ ದಿನ ಬೆಳಗ್ಗೆ ಎಷ್ಟು ಸಲೀಸು ಅಂತ ನೋಡಿ. ಮಧ್ಯಾಹ್ನದೊಳಗೆ ಇಳಿಯೋರಾದ್ರೆ ಅವತ್ತೇ ಬಂದರಿನ ಊರಿಗೆ ಹೋಗಿ ಮಲಗಿಬಿಡೋದು ಒಳ್ಳೇದು, ದೂರದ ದಾರಿ ಹಿಂದಿನ ದಿನಾನೇ ಮುಗಿದಿರುತ್ತೆ, ಬೆಳಗ್ಗೆ ಟ್ರಾಫಿಕ್ ಜಾಮೋ ಟ್ರೈನ್ ಮುಷ್ಕರಾನೋ ಆದ್ರೂ ಎದೆ ಹೊಡ್ಕೊಳ್ಳಲ್ಲ. ಆದ್ರೆ ನೀವು ಇಳಿಯೋದೇ 8ಕ್ಕೆ. ಇಮಿಗ್ರೇಶನ್, ಬ್ಯಾಗು, ಅಮ್ಮನಿಗೆ ವೀಲ್‌ಚೇರು ಎಲ್ಲಾ ಮುಗಿಸಿ ಆಚೆ ಬರೋಹೊತ್ತಿಗೆ ಒಂಬತ್ತೂವರೆ ಅಂದ್ಕೊಳ್ಳಿ. ಅಲ್ಲಿಂದ ಇನ್ನೊಂದು ಗಂಟೆ ಕಾರಲ್ಲಿ ಕೂತು ಚಿವಿತಾವೆಕ್ಕಿಯಾಗೆ ಹೋದ್ರೆ ಮಕ್ಕಳು ಸೀಟಲ್ಲೇ ನಿದ್ದೆ, ಅಮ್ಮನ ಮಂಡಿ ಮರಗಟ್ಟಿರುತ್ತೆ, ಜೊತೆಗೆ ಚಿಕ್ಕ ಹೋಟೆಲ್‌ಗಳಲ್ಲಿ ರಾತ್ರಿ ರಿಸೆಪ್ಷನ್‌ನಲ್ಲಿ ಯಾರೂ ಇಲ್ದೇ ಇರಬಹುದು. ಏರ್‌ಪೋರ್ಟಿನ ಪಕ್ಕ ಮಲಗಿದ್ರೆ ಬೆಳಗ್ಗೆ ಆರಾಮಾಗಿ ಹೊರಡಬಹುದು. ಫ್ಯೂಮಿಚಿನೊದಿಂದ ಬಂದರಿಗೆ ಹೋಗೋಕೆ ರೋಮ್ ಊರೊಳಗೆ ನುಗ್ಗೋದೇ ಬೇಡ, ಹೈವೇಯಲ್ಲಿ ನೇರ ದಾರಿ, ಹೆಚ್ಚುಕಮ್ಮಿ ಒಂದು ಗಂಟೆ.

ಊರ ಮಧ್ಯೆ ಇರೋದು ಈ ಸಲಕ್ಕೆ ಬೇಡ. ರಾತ್ರಿ ಹತ್ತೂವರೆಗೆ ರೂಮ್ ಸೇರಿ ಬೆಳಗ್ಗೆ ಮತ್ತೆ ಐದು ಜನರ ಪೆಟ್ಟಿಗೆ ಎತ್ಕೊಂಡು ಹೊರಡೋರಿಗೆ ರೋಮ್ ಏನು ಕಾಣುತ್ತೆ ಹೇಳಿ. ಹಳೇ ಕಟ್ಟಡಗಳ ಹೋಟೆಲಲ್ಲಿ ಲಿಫ್ಟ್ ಇದೆ ಅಂತ ಹಾಕಿರ್ತಾರೆ, ಹೋಗಿ ನೋಡಿದ್ರೆ ಲಿಫ್ಟ್‌ವರೆಗೆ ಹೋಗೋಕೇ ಐದಾರು ಮೆಟ್ಟಿಲು, ಒಳಗೆ ಒಂದು ಪೆಟ್ಟಿಗೆ ಇಟ್ರೆ ಒಬ್ರು ನಿಲ್ಲೋಷ್ಟು ಜಾಗ. ನಿಮ್ಮ ಹೆಂಡತಿಯವರ ಆಸೆ ತಪ್ಪು ಅಂತ ಖಂಡಿತ ಹೇಳ್ತಿಲ್ಲ, ಅಷ್ಟು ದೂರ ಹೋಗಿ ರೋಮ್ ನೋಡ್ದೇ ಬರೋದು ಯಾರಿಗಾದ್ರೂ ಬೇಜಾರೇ. ಫ್ಲೈಟ್ ಒಂದು ದಿನ ಮುಂಚಿತವಾಗಿ ಬದಲಾಯಿಸೋಕಾದ್ರೆ ಬದಲಾಯಿಸಿ, ಶುಕ್ರವಾರ ರಾತ್ರಿ ಊರಲ್ಲಿ ಇದ್ದು ಶನಿವಾರ ಸುತ್ತಾಡಿ ಸಂಜೆ ಟ್ರೈನಲ್ಲಿ ಬಂದರಿನ ಊರಿಗೆ ಹೋಗಿ, ರೋಮ್‌ನ ಟರ್ಮಿನಿ ಸ್ಟೇಷನ್ನಿಂದ ನೇರ ಟ್ರೈನ್‌ಗಳಿವೆ. ಅದಾಗಲ್ಲ ಅಂದ್ರೆ ಕ್ರೂಸ್ ಮುಗಿದ ಮೇಲೆ ಎರಡು ದಿನ ಇಟ್ಕೊಳ್ಳಿ, ಆಗ ಹಡಗು ತಪ್ಪುತ್ತೆ ಅನ್ನೋ ಗಾಬರಿ ಇರಲ್ಲ.

ಇನ್ನು ಶಟಲ್, ಅಂದ್ರೆ ಹೋಟೆಲಿನವರ ವ್ಯಾನ್ ವಿಷಯ, ಜನ ಅತಿ ಹೆಚ್ಚು ಮೋಸ ಹೋಗೋದು ಇಲ್ಲೇ. ಹೋಟೆಲ್ ಪೇಜಲ್ಲಿ "ಫ್ರೀ ಶಟಲ್" ಅಂತಿದ್ರೆ ಅದು ಬಹಳ ಸಲ ಏರ್‌ಪೋರ್ಟಿಗೆ ಮಾತ್ರ, ಬಂದರಿಗೆ ಅಲ್ಲ. ಬಂದರಿಗೂ ಇದೆ ಅಂದ್ರೆ ಬುಕ್ ಮಾಡೋಕೆ ಮುಂಚೆ ಮೆಯಿಲ್ ಹಾಕಿ ಕೇಳಿ: ಎಷ್ಟೊತ್ತಿಗೆ ಹೊರಡುತ್ತೆ, ಎಷ್ಟು ಸೀಟು, ಪೆಟ್ಟಿಗೆ ಎಲ್ಲಿಡ್ತೀರ, ಮುಂಚೆ ಹೆಸರು ಬರೆಸ್ಬೇಕಾ, ಭಾನುವಾರಾನೂ ಇದ್ಯಾ. ಹಡಗು ಹೊರಡೋ ದಿನ ಬೆಳಗ್ಗೆ ಇಡೀ ಹೋಟೆಲ್ ಒಂದೇ ಹೊತ್ತಿಗೆ ಲಾಬಿಗೆ ಇಳಿಯುತ್ತೆ, ಒಂದು ಸಣ್ಣ ವ್ಯಾನು, ಎಂಟು ಕುಟುಂಬ, ಎಲ್ರ ಕೈಯಲ್ಲೂ ದೊಡ್ಡ ದೊಡ್ಡ ಪೆಟ್ಟಿಗೆ. ನೀವು ಐದು ಜನ, ಅದ್ರಲ್ಲಿ ಅಮ್ಮನಿಗೆ ಮಂಡಿ ನೋವು ಬೇರೆ, ದೊಡ್ಡ ಕಾರೊಂದನ್ನ ಮುಂಚೇನೇ ಬುಕ್ ಮಾಡಿ, ಹಡಗಿನ ಹೆಸರನ್ನೂ ಡ್ರೈವರ್‌ಗೆ ಹೇಳಿ, ಯಾವ ಗೇಟಿಗೆ ಹೋಗ್ಬೇಕು ಅಂತ ಅವರಿಗೆ ಆಗ ಗೊತ್ತಾಗುತ್ತೆ.

5ಕ್ಕೆ ಹೊರಡೋ ಹಡಗಿಗೆ 5ಕ್ಕೆ ಹೋದ್ರೆ ಆಗಲ್ಲ, ಗೊತ್ತಲ್ವಾ. ಚೆಕ್-ಇನ್ ಸಾಮಾನ್ಯವಾಗಿ ಒಂದು-ಒಂದೂವರೆ ಗಂಟೆ ಮುಂಚೇನೇ ಮುಚ್ಚಿಬಿಡುತ್ತೆ, ನಿಮ್ಮ ಟಿಕೆಟಲ್ಲಿರೋ ಬೋರ್ಡಿಂಗ್ ಸ್ಲಾಟ್, ಅಂದ್ರೆ ಹಡಗು ಹತ್ತೋಕೆ ನಿಮಗೆ ಕೊಟ್ಟಿರೋ ಹೊತ್ತು ನೋಡ್ಕೊಳ್ಳಿ. ಸ್ಲಾಟ್ ಮಧ್ಯಾಹ್ನ 2ಕ್ಕೆ ಇದ್ದು ಹೋಟೆಲ್ 11ಕ್ಕೇ ಖಾಲಿ ಮಾಡಿ ಅಂದ್ರೆ ನಡುವೆ ಅಮ್ಮ ಎಲ್ಲಿ ಕೂರ್ತಾರೆ ಅಂತ ಈಗ್ಲೇ ಯೋಚ್ನೆ ಮಾಡಿ, ಲೇಟ್ ಚೆಕ್-ಔಟ್ ಕೇಳಿದ್ರೆ ಎಷ್ಟೋ ಕಡೆ ಕೊಡ್ತಾರೆ. ನೀವು ರಾತ್ರಿ ತಡವಾಗಿ ಬರ್ತೀರ ಅಂತ್ಲೂ ತಿಳಿಸಿಡಿ, ಇಲ್ಲಾಂದ್ರೆ ಬರಲಿಲ್ಲ ಅಂತ ರೂಮ್ ಬೇರೆಯವರಿಗೆ ಹೋಗ್ಬಹುದು. ಇಟಲಿಯ ಎಷ್ಟೋ ಊರಲ್ಲಿ ತಲೆಗಿಷ್ಟು ಅಂತ ಸಿಟಿ ಟ್ಯಾಕ್ಸ್ ಇರುತ್ತೆ, ಅದನ್ನ ಹೋಟೆಲಲ್ಲೇ ಬೇರೆಯಾಗಿ ಕಟ್ಬೇಕು. ರದ್ದು ಮಾಡಿದ್ರೆ ದುಡ್ಡು ವಾಪಸ್ ಬರೋ ರೇಟನ್ನೇ ತಗೊಳ್ಳಿ, ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ.

ಆಮೇಲೆ ಬಂದರಲ್ಲಿ ಪೋರ್ಟರ್ ಕೈಗೆ ಕೊಟ್ಟ ಪೆಟ್ಟಿಗೆ ಕ್ಯಾಬಿನ್ ತಲುಪೋದು ಸಂಜೆಯಾಗ್ಬಹುದು. ಅದಕ್ಕೆ ಪಾಸ್‌ಪೋರ್ಟು, ಅಮ್ಮನ ಮಾತ್ರೆಗಳನ್ನ ಹೋಟೆಲಲ್ಲೇ ಕೈಚೀಲಕ್ಕೆ ಹಾಕ್ಕೊಂಡುಬಿಡಿ.

ಪ್ರಶ್ನೆ: ನಮ್ಮ ಕ್ರೂಸ್ ಸಿಂಗಪುರದಿಂದ ಸಂಜೆ 4ಕ್ಕೆ. ಫ್ಲೈಟ್ ಅವತ್ತೇ ಬೆಳಗ್ಗೆ 6ಕ್ಕೆ ಇಳಿಯುತ್ತೆ. ಸುಮ್ನೆ ಹೋಟೆಲ್‌ಗೆ ದುಡ್ಡು ಯಾಕೆ ಅಂತ ನಮ್ಮ ಯಜಮಾನ್ರು. ನೀವೇನಂತೀರ?

ಉತ್ತರ: ಫ್ಲೈಟ್ ಟೈಮಿಗೆ ಬಂದ್ರೆ ಯಜಮಾನ್ರು ಹೇಳಿದ್ದು ಸರಿ, ಚಾಂಗಿ ಏರ್‌ಪೋರ್ಟಿಂದ ಬಂದರು ಹತ್ರಾನೇ. ಫ್ಲೈಟ್ ರದ್ದಾಗಿ ಮುಂದಿನ ಫ್ಲೈಟ್ ಸಂಜೆಗೆ ಅಂದ್ರೆ? ಹಡಗು ಕಾಯಲ್ಲ, ಇಡೀ ಕ್ರೂಸಿನ ದುಡ್ಡು ಹೋಗ್ಬಹುದು. ಇನ್ಶೂರೆನ್ಸ್ ಇದ್ರೂ ಹಡಗು ತಪ್ಪಿದ್ದಕ್ಕೆ ಕವರ್ ಇದ್ಯಾ, ಫ್ಲೈಟ್ ತಡವಾದ್ರೆ ಎಷ್ಟು ಗಂಟೆ ಆದ್ಮೇಲೆ ಕೊಡ್ತಾರೆ ಅಂತ ಓದ್ಬೇಕು. ನಾನಾಗಿದ್ರೆ ಹಿಂದಿನ ದಿನಾನೇ ಹೋಗ್ತಿದ್ದೆ. ಹೋಟೆಲ್ ಹುಡುಕುವಾಗ ಒಂದು ನೋಡ್ಕೊಳ್ಳಿ, ಸಿಂಗಪುರದಲ್ಲಿ ಎರಡು ಕಡೆ ಹಡಗು ನಿಲ್ಲುತ್ತೆ, ಒಂದು ಮರೀನಾ ಬೇ ಕ್ರೂಸ್ ಸೆಂಟರ್, ಇನ್ನೊಂದು ಹಾರ್ಬರ್‌ಫ್ರಂಟ್ ಹತ್ರದ ಸಿಂಗಪುರ ಕ್ರೂಸ್ ಸೆಂಟರ್. ನಿಮ್ಮ ಟಿಕೆಟಲ್ಲಿ ಯಾವುದಿದೆ ಅಂತ ನೋಡಿ ಆ ಕಡೇನೇ ರೂಮ್ ಹಿಡೀರಿ.