ಗೈಡ್ ‘ಇವತ್ತು ಬೇಡ’ ಅಂದರೆ ಬೇಡ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಸ್ಕೂಬಾ ಡೈವಿಂಗ್ ಬಗ್ಗೆಯೇ ಇವೆ. ಹಾಗಾಗಿ ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ರಜೆಗೆ ನಾವು ನಾಲ್ಕು ಜನ ಸ್ಕೂಬಾ ಮಾಡಲೆಂದೇ ಹೊರಟಿದ್ದೇವೆ. ಎಲ್ಲರಿಗೂ ಇದೇ ಮೊದಲು. ಗೆಳತಿಯೊಬ್ಬಳು ಅಲ್ಲಿಯವರೇ ಆದ ಗೈಡ್ ಒಬ್ಬರ ನಂಬರ್ ಕೊಟ್ಟಿದ್ದಾಳೆ. ‘ಕಣ್ಣು ಮುಚ್ಚಿಕೊಂಡು ನಂಬಬಹುದು’ ಅನ್ನುತ್ತಾಳೆ. ನಂಬಬಹುದಾ?

ಉತ್ತರ: ಫೋನ್ ಮಾಡುವಷ್ಟು ನಂಬಿ. ನೀರಿಗಿಳಿಯುವಷ್ಟು ನಂಬಿಕೆ ಫೋನ್ ಆದಮೇಲೆ ಬರಲಿ.

ಫೋನಿನಲ್ಲಿ ಅವರು ನಿಮ್ಮನ್ನು ಏನೇನು ಕೇಳುತ್ತಾರೆ ಅಂತ ಗಮನಿಸಿ. ಆಸ್ತಮಾ ಇದೆಯಾ, ಹೃದಯದ ತೊಂದರೆ ಇದೆಯಾ, ಕಿವಿಗೆ ಯಾವಾಗಲಾದರೂ ಆಪರೇಷನ್ ಆಗಿದೆಯಾ, ಫಿಟ್ಸ್ ಬಂದಿತ್ತಾ, ಯಾರಾದರೂ ಗರ್ಭಿಣಿ ಇದ್ದೀರಾ, ನೀರು ಕಂಡರೆ ಭಯವಾ, ದಿನಾ ಯಾವ ಮಾತ್ರೆ ತಗೊಳ್ಳುತ್ತೀರಿ, ಇಷ್ಟನ್ನು ಅವರಾಗೇ ಕೇಳಿದರೆ ನಿಮ್ಮ ಗೆಳತಿ ಹೇಳಿದ್ದು ನಿಜ. ಬರೀ ‘ಎಷ್ಟು ಜನ, ಯಾವ ದಿನ’ ಅಂತ ಮುಗಿಸಿದರೆ ಬೇರೆಯವರನ್ನು ಹುಡುಕಿ.

ನಾನು ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನ್ನ ಮೊದಲ ಡೈವ್‌ಗೆ ಹೋದ ಕಡೆ ಆರೋಗ್ಯದ ಫಾರ್ಮ್ ಮುಂದಿಟ್ಟು, ‘ಎಲ್ಲಾ ಕಡೆ ಇಲ್ಲ ಅಂತ ಟಿಕ್ ಹಾಕಿ ಸೈನ್ ಮಾಡಿ, ಬೋಟ್ ಹೊರಡ್ತಿದೆ’ ಅಂದರು. ನಾನೂ ಸುಮ್ನೆ ಟಿಕ್ ಹಾಕಿದೆ. ನನ್ನ ಪಕ್ಕ ಕೂತಿದ್ದವರ ಚೀಲದಲ್ಲಿ ಇನ್ಹೇಲರ್ ಇತ್ತು, ಅವರೂ ಹಾಕಿದರು. ಅವತ್ತು ಏನೂ ಆಗಲಿಲ್ಲ. ಆದರೆ ಆ ಇನ್ಹೇಲರ್ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಇನ್ನೆರಡು ವಿಷಯ ಕೇಳಿಕೊಳ್ಳಿ. ಒಂದು, ನಿಮ್ಮನ್ನು ಕರೆದೊಯ್ಯುವವರು ಇನ್‌ಸ್ಟ್ರಕ್ಟರಾ? ಡೈವಿಂಗ್ ತರಬೇತಿ ಮತ್ತು ಪ್ರಮಾಣಪತ್ರ ಕೊಡುವ ಪಾಡಿ (PADI) ಸಂಸ್ಥೆಯ ನಿಯಮದ ಪ್ರಕಾರ ತರಬೇತಿ ಇಲ್ಲದವರನ್ನು ಸಮುದ್ರಕ್ಕೆ ಇಳಿಸುವವರು ಇನ್‌ಸ್ಟ್ರಕ್ಟರ್ ಆಗಿರಬೇಕು, ಆಳ 12 ಮೀಟರ್ ದಾಟಬಾರದು. ಅವರ ಸದಸ್ಯ ನಂಬರ್ ಕೇಳಿ, ಪಾಡಿ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ಒಳ್ಳೆಯ ಗೈಡ್ ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳುವುದಿಲ್ಲ. ಎರಡು, ಒಬ್ಬರ ಜೊತೆ ನೀರಿನಲ್ಲಿ ಎಷ್ಟು ಜನ? ನಾಲ್ಕು ಅನ್ನುವುದು ಹೆಚ್ಚೆಂದರೆ. ನನ್ನನ್ನು ಕೇಳಿದರೆ ಮೊದಲ ಸಲ ಇಬ್ಬರು ಇಬ್ಬರಾಗಿ ಹೋಗಿ. ಗೈಡ್‌ಗೆ ಇರುವುದೂ ಎರಡೇ ಕೈ ಅಲ್ವಾ?

ಪ್ರಶ್ನೆ: ಸ್ವಲ್ಪ ಇಳಿಯುತ್ತಿದ್ದ ಹಾಗೆ ಕಿವಿ ವಿಪರೀತ ನೋಯಿತು. ಜೊತೆಯಲ್ಲಿದ್ದವರೆಲ್ಲ ಆರಾಮಾಗಿದ್ದರು. ನನ್ನ ಕಿವಿಯಲ್ಲೇ ದೋಷವಾ?

ಉತ್ತರ: ಇರಲಿಕ್ಕಿಲ್ಲ. 10 ಮೀಟರ್ ಇಳಿಯುವಷ್ಟರಲ್ಲಿ ಮೈಮೇಲಿನ ಒತ್ತಡ ಮೇಲಿದ್ದದ್ದರ ಎರಡು ಪಟ್ಟಾಗುತ್ತದೆ. ಅಲ್ಲಿಂದ ಮತ್ತೆ ದುಪ್ಪಟ್ಟಾಗಬೇಕಾದರೆ 30 ಮೀಟರ್‌ವರೆಗೆ ಹೋಗಬೇಕು. ಹಾಗಾಗಿ ಕಿವಿಗೆ ನಿಜವಾದ ಕಷ್ಟ ಇರುವುದು ಮೇಲಿನ ಕೆಲವೇ ಮೀಟರ್‌ಗಳಲ್ಲಿ. ಕಿವಿಯ ಒಳಗಿನ ಒತ್ತಡ ಹೊರಗಿನದಕ್ಕೆ ಸರಿಯಾಗಲೆಂದು ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತುವುದನ್ನು ನೋವು ಶುರುವಾದ ಮೇಲೆ ಮಾಡಿದರೆ ತಡವಾಯಿತು. ತಲೆ ನೀರೊಳಗೆ ಹೋದ ಕ್ಷಣದಿಂದಲೇ, ಇನ್ನೂ ಏನೂ ಅನಿಸದಿರುವಾಗಲೇ, ಪದೇ ಪದೇ ಮಾಡುತ್ತಾ ಇಳಿಯಿರಿ. ಜೋರಾಗಿ ಮಾತ್ರ ಊದಬೇಡಿ.

ಇನ್ನೊಂದು ಡೈವ್‌ನಲ್ಲಿ ನನಗೂ ಹೀಗೇ ಆಗಿತ್ತು. ಸುಮಾರು ನಾಲ್ಕು ಮೀಟರ್ ಇಳಿದಿರಬೇಕು. ಬಲಗಿವಿಯಲ್ಲಿ ಯಾರೋ ಬೆರಳಿಟ್ಟು ಒತ್ತಿದ ಹಾಗೆ. ನಾನು ಸನ್ನೆ ಮಾಡುವ ಮುಂಚೆಯೇ ಗೈಡ್‌ಗೆ ಗೊತ್ತಾಗಿತ್ತು, ನಾನು ಕಣ್ಣು ಬಿಗಿಯಾಗಿ ಮುಚ್ಚಿದ್ದು ಮಾಸ್ಕ್‌ನೊಳಗೆ ಕಂಡಿತ್ತಂತೆ. ನನ್ನ ಜಾಕೆಟ್ಟಿನ ಪಟ್ಟಿ ಹಿಡಿದು ಒಂದು ಮೀಟರ್ ಮೇಲಕ್ಕೆ ತಂದರು. ಕಾದರು. ಮತ್ತೆ ಇಳಿದೆವು, ಮತ್ತೆ ನೋವು. ಮೂರು ಸಲ ಹೀಗೇ ಆಯಿತು. ಆಮೇಲೆ ಅವರು ಹೆಬ್ಬೆರಳು ಎತ್ತಿದರು. ನೀರೊಳಗೆ ಅದಕ್ಕೆ ‘ಭೇಷ್’ ಅಂತ ಅರ್ಥ ಅಲ್ಲ, ‘ಮೇಲಕ್ಕೆ ಹೋಗೋಣ’ ಅಂತ. ಬೋಟ್ ಹತ್ತಿದ ಕೂಡಲೇ ನನ್ನ ಮಾಸ್ಕ್ ತೆಗೆಸಿ ಅದರೊಳಗೆ ರಕ್ತದ ಎಳೆ ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿದರು. ಇರಲಿಲ್ಲ. ‘ನೆಗಡಿ ಇತ್ತಾ?’ ಅಂದರು. ಎರಡು ದಿನದ ಹಿಂದೆ ಇತ್ತು, ನಾನು ಹೇಳಿರಲಿಲ್ಲ. ನೆಗಡಿ ಇದ್ದರೆ ಹೇಳಿಬಿಡಿ, ಮಾತ್ರೆ ನುಂಗಿ ಮೂಗು ತೆರೆಸಿಕೊಂಡು ಇಳಿಯಬೇಡಿ. ನೀವು ನೀರಿನ ಕೆಳಗಿರುವಾಗಲೇ ಮಾತ್ರೆಯ ಪ್ರಭಾವ ಮುಗಿದುಹೋದರೆ, ಹಿಗ್ಗಿದ ಗಾಳಿ ಹೊರಬರಲಾಗದೆ ಮೇಲೇಳುವಾಗ ಇನ್ನೂ ಜಾಸ್ತಿ ನೋವಾಗುತ್ತದೆ.

ನಿಮ್ಮ ಕಿವಿ ಈಗಲೂ ಮಂದವಾಗಿದ್ದರೆ ಅಥವಾ ಗುಂಯ್ ಅನ್ನುತ್ತಿದ್ದರೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಅವರು ಸರಿ ಅನ್ನುವವರೆಗೆ ಮತ್ತೆ ಇಳಿಯಬೇಡಿ.

ಪ್ರಶ್ನೆ: ನನಗೆ ಈಜು ಬರುವುದಿಲ್ಲ. ‘ಪರವಾಗಿಲ್ಲ ಬನ್ನಿ’ ಅನ್ನುತ್ತಾರೆ. ಹೋಗಲಾ?

ಉತ್ತರ: ಗೈಡ್ ಕೈಹಿಡಿದು ಮಾಡಿಸುವ ಪರಿಚಯದ ಡೈವ್‌ಗೆ ಈಜು ಕಡ್ಡಾಯ ಅಲ್ಲ. ಓಪನ್ ವಾಟರ್ ಕೋರ್ಸ್, ಅಂದರೆ ಡೈವರ್ ಅನ್ನುವ ಕಾರ್ಡ್ ಕೊಡುವ ಮೊದಲ ಹಂತದ ತರಬೇತಿ, ಮಾಡುವುದಾದರೆ ಬೇಕು, 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಆದರೂ ನನ್ನ ಮಾತು ಕೇಳಿ, ಹೊರಡುವ ಮುಂಚೆ ಮುಖವನ್ನು ನೀರಿನಲ್ಲಿಟ್ಟು ಉಸಿರು ಬಿಡುವುದನ್ನಾದರೂ ಅಭ್ಯಾಸ ಮಾಡಿ. ಮಾಸ್ಕ್‌ಗೆ ಒಂದಿಷ್ಟು ನೀರು ನುಗ್ಗಿದಾಗ ಗಾಬರಿಯಾಗಿ ಉಸಿರು ಕಟ್ಟಿಕೊಂಡು ಮೇಲಕ್ಕೆ ಧಾವಿಸುವುದೇ ಎಲ್ಲಕ್ಕಿಂತ ಅಪಾಯ. 10 ಮೀಟರ್ ಆಳದಲ್ಲಿ ಎಳೆದುಕೊಂಡ ಉಸಿರು ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ, ಅದಕ್ಕೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಶ್ವಾಸಕೋಶವೇ ಹರಿಯಬಹುದು. ಉಸಿರು ಕಟ್ಟಬೇಡಿ. ಬೇರೆ ಎಲ್ಲಾ ಮರೆತರೂ ಇದೊಂದು ನೆನಪಿರಲಿ.

ಪ್ರಶ್ನೆ: ನನ್ನ ಬಳಿ ಓಪನ್ ವಾಟರ್ ಕಾರ್ಡ್ ಇದೆ. ಮೂರು ವರ್ಷದಿಂದ ಡೈವ್ ಮಾಡಿಲ್ಲ, ಅಷ್ಟೇ. ಗೈಡ್ ಮೊದಲ ದಿನ ರಿಫ್ರೆಶರ್ (ಕಲಿತದ್ದನ್ನು ಮತ್ತೆ ನೆನಪಿಸುವ ಅಭ್ಯಾಸ) ಮಾಡಿಸಿ, ಎರಡನೇ ದಿನ ಸೆಳೆತ ಜಾಸ್ತಿ ಇದೆ ಅಂತ ನಾವು ಕೇಳಿದ ಜಾಗಕ್ಕೆ ಕರೆದೊಯ್ಯಲೇ ಇಲ್ಲ. ರಜೆ ಹಾಳಾಯಿತು. ಇಂಥವರ ಜೊತೆ ಮತ್ತೆ ಹೋಗಬೇಕಾ?

ಉತ್ತರ: ಇಂಥವರ ಜೊತೆಗೇ ಹೋಗಿ! ನಿಮ್ಮ ಬೇಸರ ಅರ್ಥವಾಗುತ್ತದೆ, ವರ್ಷವೆಲ್ಲ ಕಾದು ಹೋಗಿರುತ್ತೀರಿ. ಆದರೆ ನೀವು ದೂರುತ್ತಿರುವ ಎರಡೂ ಕೆಲಸ ನಿಮಗಾಗಿ ಮಾಡಿದ್ದು. ಮೂರು ವರ್ಷ ಬಿಟ್ಟ ಕೈಗೆ ಯಾವ ಬಟನ್ ಜಾಕೆಟ್ಟಿಗೆ ಗಾಳಿ ತುಂಬುತ್ತದೆ, ಯಾವುದು ಹೊರಬಿಡುತ್ತದೆ ಅನ್ನುವುದೇ ಗೊಂದಲ. ನಿಮ್ಮ ಕಾರ್ಡ್ 18 ಮೀಟರ್‌ವರೆಗೆ ಅನ್ನುತ್ತದೆ, ಇವತ್ತು ಸಮುದ್ರ ಹೇಗಿದೆ ಅನ್ನುವುದನ್ನು ಕಾರ್ಡ್ ಹೇಳುವುದಿಲ್ಲ.

ಅಲ್ಲಿಯವರೇ ಆದ ಗೈಡ್‌ನ ಬೆಲೆ ಇರುವುದು ಇಲ್ಲೇ. ಉಬ್ಬರ ಇಳಿತದ ಪಟ್ಟಿ ಯಾರು ಬೇಕಾದರೂ ಓದಬಹುದು. ಆದರೆ ಉಬ್ಬರ ತಿರುಗುವ ಹೊತ್ತಿಗೆ ಆ ಬಂಡೆಯ ಯಾವ ಮಗ್ಗುಲಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಎಳೆಯುತ್ತದೆ, ಹಿಂದಿನ ರಾತ್ರಿ ಬೀಸಿದ ಗಾಳಿಗೆ ಕೆಳಗೆಷ್ಟು ಮಸುಕಾಗಿರುತ್ತದೆ, ಇದನ್ನು ಅಲ್ಲೇ ನೂರಾರು ಸಲ ಇಳಿದವರೇ ಹೇಳಬೇಕು. ನನ್ನ ಕಿವಿ ಉಳಿಸಿದ ಆ ಗೈಡ್ ಪ್ರತಿ ಸಲ ಬೋಟಿನಿಂದ ಮೊದಲು ಲಂಗರಿನ ಹಗ್ಗ ನೋಡುತ್ತಿದ್ದರು. ಹಗ್ಗ ಎಷ್ಟು ಬಿಗಿದಿದೆ, ಅದರ ಪಕ್ಕದ ನೊರೆ ಯಾವ ಕಡೆಗೆ ಹೋಗುತ್ತಿದೆ ಅಂತ. ಆಮೇಲೇ ನಮಗೆ ಸಿಲಿಂಡರ್ ಹಾಕಿಸುವುದು. ಹೋಗುವಾಗ ಸೆಳೆತಕ್ಕೆ ಎದುರಾಗಿ, ಬರುವಾಗ ಅದರ ಜೊತೆ. ದಣಿದ ಮೇಲೆ ನೀರೇ ಬೋಟಿನ ಕಡೆಗೆ ತಂದುಬಿಡುತ್ತದೆ. ಐದೈದು ನಿಮಿಷಕ್ಕೊಮ್ಮೆ ಸಿಲಿಂಡರ್‌ನಲ್ಲಿ ಗಾಳಿ ಎಷ್ಟಿದೆ ಅಂತ ತೋರಿಸುವ ನಮ್ಮ ಗೇಜ್ ನೋಡುತ್ತಿದ್ದರು. 200 ಬಾರ್‌ನಿಂದ (ಬಾರ್ ಅಂದರೆ ಗಾಳಿಯ ಒತ್ತಡದ ಅಳತೆ) ಶುರುವಾದ ಸಿಲಿಂಡರ್‌ನಲ್ಲಿ ಕನಿಷ್ಠ 50 ಉಳಿದಿರುವಾಗಲೇ ಎಲ್ಲರೂ ಬೋಟಿನಲ್ಲಿರಬೇಕು. ಅದೂ 5 ಮೀಟರ್ ಆಳದಲ್ಲಿ 3 ನಿಮಿಷ ನಿಂತು, ಮೈಯಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲು ಬಿಟ್ಟು, ಆಮೇಲೆ.

ಅವರಿಗೆ ಒಂದು ಮೆಸೇಜ್ ಹಾಕಿ. ನೀವು ಕೇಳಿದ ಆ ಜಾಗಕ್ಕೆ ಯಾವ ತಿಂಗಳು, ಯಾವ ಹೊತ್ತು ಒಳ್ಳೆಯದು ಅಂತ ಕೇಳಿ, ಮುಂದಿನ ರಜೆಯನ್ನು ಅದಕ್ಕೇ ಹೊಂದಿಸಿಕೊಳ್ಳಿ.

ಪ್ರಶ್ನೆ: ಕೊನೆಯ ದಿನ ಬೆಳಿಗ್ಗೆ ಡೈವ್, ಸಂಜೆ ವಿಮಾನ. ಆಗುತ್ತಾ?

ಉತ್ತರ: ಆಗುವುದಿಲ್ಲ. ಒಂದೇ ಡೈವ್ ಮಾಡಿದ್ದರೂ ಕನಿಷ್ಠ 12 ಗಂಟೆ, ಹಲವು ದಿನ ಮಾಡಿದ್ದರೆ 18 ಗಂಟೆ ಬಿಡಬೇಕು. ನಾನು 24 ಬಿಡುತ್ತೇನೆ. ವಿಮಾನದೊಳಗೆ ಒತ್ತಡ ಕಡಿಮೆ, ಮೈಯಲ್ಲಿ ಉಳಿದ ನೈಟ್ರೋಜನ್ ಗುಳ್ಳೆಯಾಗಿ ಕೀಲು, ನರಗಳಿಗೆ ತೊಂದರೆ ಕೊಡಬಹುದು. ಎತ್ತರದ ಬೆಟ್ಟ ಹತ್ತುವ ದಾರಿಯಲ್ಲಿ ವಾಪಸ್ ಬರುವವರೂ ಇದನ್ನೇ ಪಾಲಿಸಿ. ಟಿಕೆಟ್ ಆಗಲೇ ಬುಕ್ ಆಗಿದ್ದರೆ ಆ ಬೆಳಗಿನ ಡೈವ್ ಬಿಟ್ಟು, ಮಾಸ್ಕ್ ಸ್ನಾರ್ಕೆಲ್ ಹಾಕಿಕೊಂಡು ಮೇಲೆ ಮೇಲೇ ತೇಲುತ್ತಾ ಮೀನು ನೋಡಿಬನ್ನಿ.